ಚೆಂಡು ಬಿಟ್ಟು ಆಟ ನೋಡಿದ್ದು

ಕಲಬುರಗಿಯಲ್ಲಿ ಜನವರಿ ಎಂದರೆ ತೊಗರಿಯ ತಿಂಗಳು. ಎಪಿಎಂಸಿ ಅಂಗಳದಲ್ಲಿ ಹೊಸ ತೊಗರಿಯ ಚೀಲಗಳು ಬಂದು ಬೀಳತೊಡಗಿದ ಮೇಲೆ ನನ್ನಂತಹ ದಾಲ್ ಮಿಲ್ಲಿನ ಲೆಕ್ಕಬರಹದವನು ರಜೆಯ ಮಾತೆತ್ತುವುದೇ ಕಷ್ಟ. 2023ರ ಪುರುಷರ ಹಾಕಿ ವಿಶ್ವಕಪ್ ಅದೇ ತಿಂಗಳು 13ರಿಂದ 29ರವರೆಗೆ ಒಡಿಶಾದ ಭುವನೇಶ್ವರ ಮತ್ತು ರೂರ್ಕೆಲಾದಲ್ಲಿ ನಡೆಯುತ್ತದೆಂದು ಖಚಿತವಾದ ಕೂಡಲೇ ನಾನು ಸಾವಕಾರರ ಮುಂದೆ ಹೋಗಿ ನಿಂತೆ. “ತೊಗರಿ ಬರೋ ಹೊತ್ನ್ಯಾಗ ಹೊಂಟೀರೇನ್ರಿ?” ಎಂದರು. “ಒಂದ್ ವಾರ ಕೊಡ್ರಿ ಸಾವ್ಕಾರ್ರೆ, ಬಂದ ಮ್ಯಾಲೆ ರಾತ್ರಿ ಕುಂತು ಖಾತೆ ಮುಗಸ್ತೀನಿ” ಎಂದೆ. ಅವರು ಒಪ್ಪಿದರು, ನಾನೂ ಮಾತು ಉಳಿಸಿಕೊಂಡೆ.

ಕರ್ನಾಟಕದಲ್ಲಿ ಹಾಕಿ ಎಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಕೊಡಗು. ಎಂ.ಪಿ. ಗಣೇಶ್, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಇವರೆಲ್ಲ ಆ ಮಣ್ಣಿನವರು. ನಮ್ಮ ಭಾಗದಲ್ಲಿ ಮೈದಾನವೆಲ್ಲ ಕ್ರಿಕೆಟ್ಟಿಗೆ ಮೀಸಲು. ನಾನು ಹೈಸ್ಕೂಲಿನಲ್ಲಿ ಆಡಿದ್ದು ಗಟ್ಟಿ ಮಣ್ಣಿನ ಮೇಲೆ. ಅಲ್ಲಿ ಚೆಂಡು ಯಾವ ಕಲ್ಲಿಗೆ ತಾಗಿ ಯಾವ ಕಡೆ ಪುಟಿಯುತ್ತದೆಂದು ಹೇಳಲು ಬರುತ್ತಿರಲಿಲ್ಲವಾದ್ದರಿಂದ ಕಣ್ಣನ್ನು ಚೆಂಡಿನಿಂದ ಕೀಳದೆ ಆಡುವುದೇ ಅಭ್ಯಾಸವಾಗಿತ್ತು. ಆ ಅಭ್ಯಾಸವನ್ನು ಬಿಡಿಸಿದ್ದು ಭುವನೇಶ್ವರದ ಕಳಿಂಗ ಕ್ರೀಡಾಂಗಣ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರಯಾಣದ ವಿಷಯ ಹೆಚ್ಚಿಲ್ಲ. ಮುಂಬೈಯಿಂದ ಭುವನೇಶ್ವರಕ್ಕೆ ಹೋಗುವ ಕೋಣಾರ್ಕ್ ಎಕ್ಸ್‌ಪ್ರೆಸ್ ನಮ್ಮ ಕಲಬುರಗಿಯ ಮೇಲೆಯೇ ಹಾಯುವುದರಿಂದ ಎಲ್ಲಿಯೂ ಗಾಡಿ ಬದಲಿಸುವ ತೊಂದರೆಯಿಲ್ಲ. ನಾನು ಮತ್ತು ಶಾಲಾ ತಂಡದಲ್ಲಿ ಹಾಕಿ ಆಡುವ ನನ್ನ ಅಕ್ಕನ ಮಗ ಜನವರಿ 17ರ ರಾತ್ರಿ ಹತ್ತಿ 19ರ ನಸುಕಿನಲ್ಲಿ ಇಳಿದೆವು. ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ಅಕ್ಕ ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ದೂರದ ಪಂದ್ಯಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ. ನಾಲ್ಕು ದಿನ ಕೆಡಲಿಲ್ಲ.

19ರಂದು ಒಂದೇ ಅಂಗಳದಲ್ಲಿ ನಾಲ್ಕು ಪಂದ್ಯಗಳಿದ್ದವು, ಭಾರತ–ವೇಲ್ಸ್ ಪಂದ್ಯ ಕೊನೆಯದು. ನೆದರ್‌ಲೆಂಡ್ಸ್ ಚಿಲಿಯ ವಿರುದ್ಧ 14–0ರಿಂದ ಗೆದ್ದು ವಿಶ್ವಕಪ್ ಇತಿಹಾಸದಲ್ಲೇ ಅತಿ ದೊಡ್ಡ ಗೆಲುವು ಸಾಧಿಸಿದ್ದು ಅಂದೇ. ಏಳನೆಯ ಗೋಲಿನ ನಂತರ ನಾನು ಗೋಲುಗಳ ಎಣಿಕೆ ಬಿಟ್ಟು ಡಚ್ ಆಟಗಾರರು ಚೆಂಡು ತಮ್ಮ ಬಳಿ ಇಲ್ಲದಿದ್ದಾಗ ಏನು ಮಾಡುತ್ತಾರೆಂಬುದನ್ನು ಗಮನಿಸತೊಡಗಿದೆ. ಚೆಂಡು ಒಂದು ಅಂಚಿನಲ್ಲಿದ್ದರೆ ಎದುರು ಅಂಚಿನವನು ಸುಮ್ಮನೆ ನಿಂತಿರುವುದಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಒಳಗೆ ಓಡಿ, ತನ್ನನ್ನು ಕಾಯುವವನನ್ನು ಜೊತೆಗೆಳೆದುಕೊಂಡು ಹೋಗಿ, ಮೂರನೆಯವನಿಗೆ ಜಾಗ ತೆರವು ಮಾಡಿಕೊಡುತ್ತಾನೆ. ಟಿವಿಯಲ್ಲಿ ಇದು ಕಾಣುವುದು ಅಪರೂಪ, ಏಕೆಂದರೆ ಕ್ಯಾಮೆರಾ ಹೋಗುವುದು ಚೆಂಡಿನ ಹಿಂದೆ. ಅಳಿಯ ಮಾತ್ರ ಮೊದಲರ್ಧ ಗಂಟೆ ಒದ್ದಾಡಿದ. “ಮಾಮಾ, ಚೆಂಡೇ ಕಾಣವಲ್ದರಿ” ಎಂದ. “ಚೆಂಡ ಬಿಡು, ಮಂದಿ ನೋಡು; ಎಲ್ಲಿ ಓಡ್ತಾರ ಅಲ್ಲೇ ಚೆಂಡ ಬರ್ತದ” ಎಂದೆ. ಮೂರನೆಯ ಕ್ವಾರ್ಟರಿನ ಹೊತ್ತಿಗೆ ಪಾಸು ಎಲ್ಲಿಗೆ ಹೋಗುತ್ತದೆಂದು ಅವನೇ ಮುಂಚಿತವಾಗಿ ಬೆರಳು ತೋರಿಸುತ್ತಿದ್ದ.

ನಮ್ಮ ಪಂದ್ಯಕ್ಕೆ ಮುಂಚೆ ಇಂಗ್ಲೆಂಡ್ ಸ್ಪೇನ್ ತಂಡವನ್ನು 4–0ರಿಂದ ಸೋಲಿಸಿದ್ದರಿಂದ ಗುಂಪಿನಲ್ಲಿ ಮೊದಲ ಸ್ಥಾನ ಪಡೆದು ನೇರವಾಗಿ ಕ್ವಾರ್ಟರ್ ಫೈನಲ್ ಸೇರಬೇಕಾದರೆ ಭಾರತ ಎಂಟು ಗೋಲುಗಳ ಅಂತರದಲ್ಲಿ ಗೆಲ್ಲಬೇಕಿತ್ತು. ಇಂಗ್ಲೆಂಡ್ ಪಂದ್ಯದಲ್ಲಿ ಗಾಯಗೊಂಡಿದ್ದ ಹಾರ್ದಿಕ್ ಸಿಂಗ್ ಅಂದು ಆಡಲಿಲ್ಲ. ಆ ಕೊರತೆ ಅಂಗಳದ ನಡುಭಾಗದಲ್ಲಿ ಎದ್ದು ಕಾಣುತ್ತಿತ್ತು. ಹಿಂದಿನಿಂದ ಬಂದ ಚೆಂಡನ್ನು ತಿರುಗಿಸಿ ಮುಂದಕ್ಕೆ ಹೊತ್ತೊಯ್ಯುವವನಿಲ್ಲದೆ ನಮ್ಮವರು ಅಂಚುಗಳಿಗೇ ಹೆಚ್ಚು ಸರಿಯುತ್ತಿದ್ದರು. 21ನೇ ನಿಮಿಷದಲ್ಲಿ ಶಂಶೇರ್ ಸಿಂಗ್, ವಿರಾಮದ ನಂತರ 32 ಮತ್ತು 45ನೇ ನಿಮಿಷಗಳಲ್ಲಿ ಆಕಾಶ್‌ದೀಪ್ ಸಿಂಗ್, 59ನೇ ನಿಮಿಷದಲ್ಲಿ ನಾಯಕ ಹರ್ಮನ್‌ಪ್ರೀತ್ ಸಿಂಗ್ ಗೋಲು ಹೊಡೆದರು. ಮೊದಲ ಸಲ ವಿಶ್ವಕಪ್ ಆಡುತ್ತಿದ್ದ ವೇಲ್ಸ್ ಎರಡೇ ನಿಮಿಷಗಳ ಅಂತರದಲ್ಲಿ ಎರಡು ಗೋಲು ತಿರುಗಿಸಿತು. 4–2ರ ಗೆಲುವು ಗೆಲುವೇ ಆದರೂ ಕ್ರೀಡಾಂಗಣದಿಂದ ಹೊರಬೀಳುವಾಗ ಯಾರ ಮುಖದಲ್ಲೂ ಹಬ್ಬವಿರಲಿಲ್ಲ. ಕ್ವಾರ್ಟರ್ ಫೈನಲ್ ಸೇರಲು 22ರಂದು ನ್ಯೂಜಿಲೆಂಡ್ ವಿರುದ್ಧ ಕ್ರಾಸ್‌ಓವರ್ ಎಂಬ ಇನ್ನೊಂದು ಪಂದ್ಯ ಆಡಲೇಬೇಕಾಗಿತ್ತು.

ಆ ಪಂದ್ಯಕ್ಕೆ ನಾನು ಜಾಗ ಬದಲಿಸಿ ಗೋಲಿನ ಹಿಂದೆ, ಸ್ವಲ್ಪ ಎತ್ತರದಲ್ಲಿ ಕುಳಿತೆ. ಅಂಚಿನ ಉದ್ದಕ್ಕಿರುವ ಸೀಟುಗಳಿಗೆ ಬೇಡಿಕೆ ಹೆಚ್ಚು, ಆದರೆ ಹಾಕಿಯನ್ನು ಓದಲು ಗೋಲಿನ ಹಿಂದಿನ ಜಾಗವೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂಚಿನಿಂದ ನೋಡಿದರೆ ಆಟಗಾರರು ಒಬ್ಬರ ಹಿಂದೊಬ್ಬರು ಅಡಗಿಬಿಡುತ್ತಾರೆ. ಹಿಂದಿನಿಂದ ನೋಡಿದಾಗ ಇಬ್ಬರು ರಕ್ಷಕರ ನಡುವಿನ ಸಂದು ಹೊಲದ ಸಾಲಿನಂತೆ ತೆರೆದು ಕಾಣುತ್ತದೆ.

ರಕ್ಷಿಸುವ ತಂಡ ತನ್ನ ಗೋಲಿನ ಮುಂದಿನ ವೃತ್ತದಲ್ಲಿ ತಪ್ಪು ಮಾಡಿದಾಗ ಎದುರಾಳಿಗೆ ಸಿಗುವ ಹೊಡೆತದ ಅವಕಾಶವೇ ಪೆನಾಲ್ಟಿ ಕಾರ್ನರ್. ಅದನ್ನು ಅಲ್ಲಿಂದ ನೋಡಿದ್ದನ್ನು ನಾನು ಮರೆಯಲಾರೆ. ಅಂಪೈರ್ ಕೈ ತೋರಿಸಿದ ಕೂಡಲೇ ಸಮಯ ನಿಲ್ಲುತ್ತದೆ. ರಕ್ಷಣೆಗೆ ಗೋಲ್‌ಕೀಪರ್ ಸೇರಿ ಐದೇ ಜನ, ಉಳಿದವರೆಲ್ಲ ನಡುಗೆರೆಯ ಆಚೆ. ಆ ನಾಲ್ವರು ಗೋಲಿನೊಳಗೆ ಬಗ್ಗಿ ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಮೊಣಕಾಲಿಗೆ ಪ್ಯಾಡು ಬಿಗಿದುಕೊಳ್ಳುತ್ತಿರುವಾಗ ಇಡೀ ಗ್ಯಾಲರಿಯ ಗದ್ದಲ ಇಳಿದುಬಿಡುತ್ತದೆ. ಗೋಲಿನ ಪಕ್ಕದ ಹಿಂಗೆರೆಯಿಂದ ಚೆಂಡು ಹೊರಕ್ಕೆ ಹೊರಟಿದ್ದೇ ತಡ, ಮೊದಲ ಓಟಗಾರ ಅದಕ್ಕೆ ಎದುರಾಗಿ ನುಗ್ಗುತ್ತಾನೆ. ನಮ್ಮ ತಂಡದಲ್ಲಿ ಆ ಕೆಲಸ ಅಮಿತ್ ರೋಹಿದಾಸ್ ಅವರದಾಗಿತ್ತು. ಚೆಂಡನ್ನು ಗೋಲಿನತ್ತ ಎತ್ತಿ ಫ್ಲಿಕ್ ಮಾಡುವವನ ಸ್ಟಿಕ್ಕಿಗೂ ತನ್ನ ಎದೆಗೂ ನಡುವೆ ಅಂತರವೇ ಉಳಿಯದಂತೆ ಓಡುವ ಆ ನಾಲ್ಕಾರು ಹೆಜ್ಜೆಗಳಲ್ಲಿರುವ ಧೈರ್ಯವನ್ನು ಕಣ್ಣಾರೆ ಕಂಡ ಮೇಲೆ ಪೆನಾಲ್ಟಿ ಕಾರ್ನರ್ ವ್ಯರ್ಥವಾಯಿತೆಂದು ನಾನು ಯಾರನ್ನೂ ಬೈದಿಲ್ಲ. ಅಮಿತ್ ಒಡಿಶಾದ ಸುಂದರ್‌ಗಢ ಜಿಲ್ಲೆಯವರು. ಅವರ ಹೆಸರು ಕೂಗಿದಾಗಲೆಲ್ಲ ಆ ಗ್ಯಾಲರಿ ತನ್ನ ಮನೆಮಗನನ್ನು ಕರೆದಂತೆ ಕರೆಯುತ್ತಿತ್ತು. ಇನ್ನೊಂದು ಸಂಗತಿ ಸದ್ದಿನದು. ಚೆಂಡು ಗೋಲಿನ ತಳದ ಹಲಗೆಗೆ ಬಡಿದಾಗ ಬಾಗಿಲ ಅಗಳಿ ಬಿದ್ದಂತೆ ‘ಧಡ್’ ಎನ್ನುತ್ತದೆ, ಕಣ್ಣು ಗೋಲನ್ನು ಕಾಣುವ ಮುಂಚೆ ಕಿವಿಗೆ ಅದು ಗೊತ್ತಾಗಿರುತ್ತದೆ.

ಲಲಿತ್ ಉಪಾಧ್ಯಾಯ, ಸುಖ್‌ಜೀತ್ ಸಿಂಗ್ ಅವರ ಗೋಲುಗಳಿಂದ ಭಾರತ 2–0 ಮುಂದಿತ್ತು. ಗ್ಯಾಲರಿ ಎದ್ದು ನಿಂತಿತ್ತು, ನಾನೂ ನಿಂತಿದ್ದೆ. 28ನೇ ನಿಮಿಷದಲ್ಲಿ ನ್ಯೂಜಿಲೆಂಡ್‌ನ ಸ್ಯಾಮ್ ಲೇನ್ ಒಂದು ಗೋಲು ಹೊಡೆದ. ಆತ ಎಲ್ಲಿಂದ ಓಡಿ ಬಂದನೆಂಬುದು ನನಗೆ ಕಾಣಲೇ ಇಲ್ಲ, ಏಕೆಂದರೆ ಆ ಗಳಿಗೆಯಲ್ಲಿ ನಾನು ಅಳಿಯನಿಗೆ ಹೇಳಿದ ಮಾತನ್ನು ಮರೆತು ಚೆಂಡನ್ನೇ ನೋಡುತ್ತಿದ್ದೆ. ವರುಣ್ ಕುಮಾರ್ 3–1 ಮಾಡಿದರೂ ನ್ಯೂಜಿಲೆಂಡ್ 3–3ಕ್ಕೆ ತಂದು ನಿಲ್ಲಿಸಿತು. ಸಮಬಲ ಮುರಿಯುವ ಶೂಟೌಟಿನಲ್ಲಿ ಆಟಗಾರ ಒಬ್ಬನೇ 23 ಮೀಟರ್ ಗೆರೆಯಿಂದ ಹೊರಟು ಎಂಟು ಸೆಕೆಂಡಿನೊಳಗೆ ಗೋಲ್‌ಕೀಪರನನ್ನು ದಾಟಬೇಕು. ನಮ್ಮ ಗೋಲ್‌ಕೀಪರ್ ಶ್ರೀಜೇಶ್ ಗಾಯಗೊಂಡು ಹೊರನಡೆದಾಗ ಕೃಷನ್ ಪಾಠಕ್ ಬಂದು ನಿಂತರು. 4–5ರಿಂದ ಸೋತೆವು. ಅಳಿಯ ಅಂದು ರಾತ್ರಿ ಊಟ ಮಾಡಲಿಲ್ಲ. ನಾನೂ ಬಲವಂತ ಮಾಡಲಿಲ್ಲ.

ಆಮೇಲೆ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರಿನಲ್ಲಿ ಮತ್ತೆ ಆರಂಭವಾದಾಗ ಕಲಬುರಗಿಗೆ ತೀರ ಹತ್ತಿರದ ತಂಡವೆಂದು ಹೈದರಾಬಾದ್ ತೂಫಾನ್ಸ್ ನಮ್ಮದಾಯಿತು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಊರಿನವರಿಗೆ ಆ ಆಯ್ಕೆ ಸಹಜವೂ ಹೌದು. 2025ರ ಫೆಬ್ರುವರಿ 1ರಂದು ರೂರ್ಕೆಲಾದಲ್ಲಿ ನಡೆದ ಫೈನಲ್ಲಿಗೆ ಹೋಗಲಾಗದೆ ಮನೆಯಲ್ಲೇ ಟಿವಿಯ ಮುಂದೆ ಕುಳಿತೆವು. ಬೆಂಗಾಲ್ ಟೈಗರ್ಸ್ ಪರ ಜುಗರಾಜ್ ಸಿಂಗ್ ಮೂರು ಗೋಲು ಹೊಡೆದರೂ ತೂಫಾನ್ಸ್ 3–3ರಲ್ಲಿ ಹಿಡಿದು ನಿಲ್ಲಿಸಿತ್ತು. 54ನೇ ನಿಮಿಷದಲ್ಲಿ ಟೈಗರ್ಸ್‌ನ ನಾಲ್ಕನೆಯ ಗೋಲು ಬಿತ್ತು, ಕಪ್ ಅವರ ಪಾಲಾಯಿತು. ಹೊಡೆದವನು ಅದೇ ಸ್ಯಾಮ್ ಲೇನ್. “ಎಲ್ಲಿಂದ ಬಂದಾ ಮಾಮಾ?” ಎಂದು ಅಳಿಯ ಕೇಳಿದ. ಕ್ಯಾಮೆರಾ ಚೆಂಡಿನ ಹಿಂದೆ ಹೋಗಿತ್ತು, ನನಗೆ ಈ ಸಲವೂ ಕಂಡಿರಲಿಲ್ಲ.