ಹಳೆಯ ಕ್ಯಾಂಪರ್ ವ್ಯಾನಿನ ವಿದ್ಯುತ್ ದೋಷ: ಕೊಡಗಿನ ಮಳೆಯಲ್ಲಿ ಹುಡುಕುವ ಕ್ರಮ

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಶೆಡ್ಡು ಸೇರಿದ ವಾಹನವನ್ನು ಸೆಪ್ಟೆಂಬರ್ ಆರಂಭದ ಕೈಲು ಮುಹೂರ್ತ ಹಬ್ಬದ ಹೊತ್ತಿಗೆ ಹೊರಗೆ ತೆಗೆಯುವವರಿಗೆ ಕೀ ತಿರುಗಿಸಿದಾಗ ಬರುವ ‘ಟಕ್’ ಎಂಬ ಒಂಟಿ ಸದ್ದು ಹೊಸತಲ್ಲ. ಹಳೆಯ ಟೆಂಪೋ ಟ್ರಾವೆಲರ್‌ಗೋ ಓಮ್ನಿಗೋ ಹಾಸಿಗೆ, ನೀರಿನ ಪಂಪು, ಪುಟ್ಟ ಫ್ರಿಜ್ಜು ಸೇರಿಸಿ ಕ್ಯಾಂಪರ್ ಮಾಡಿಕೊಂಡವರಿಗೆ ಈ ತೊಂದರೆ ಇಮ್ಮಡಿಯಾಗುತ್ತದೆ. ತಯಾರಕರು ಎಳೆದ ವೈರಿಂಗಿನ ಜೊತೆಗೆ ಮಾರ್ಪಾಡು ಮಾಡಿದವರು ಎಳೆದ ಇನ್ನೊಂದು ವೈರಿಂಗ್ ಇರುತ್ತದೆ, ಎರಡನೆಯದಕ್ಕೆ ನಕ್ಷೆಯೆಂಬುದು ಸಾಮಾನ್ಯವಾಗಿ ಇರುವುದಿಲ್ಲ. ಇಂತಹ ವಾಹನದಲ್ಲಿ ಬಿಡಿಭಾಗ ಕೆಡುವುದಕ್ಕಿಂತ ಜೋಡಣೆ ಕೆಡುವುದೇ ಹೆಚ್ಚು ಎಂಬುದು ನನ್ನ ಅನುಭವ. ಆದ್ದರಿಂದ ಏನನ್ನೂ ಬದಲಿಸುವ ಮೊದಲು ವೋಲ್ಟೇಜು ಎಲ್ಲಿ ಸೋರಿಹೋಗುತ್ತಿದೆ ಎಂದು ಅಳೆದು ನೋಡಬೇಕು.

ಅದಕ್ಕೆ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, 21 ವಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ತಂತಿ ಬೆಸೆದು ಮಾಡಿಕೊಂಡ ಟೆಸ್ಟ್ ಲ್ಯಾಂಪ್, ಉಪ್ಪುಕಾಗದ, ತಂತಿಯ ಬ್ರಷ್ಷು ಮತ್ತು ತಲೆಗೆ ಕಟ್ಟುವ ಟಾರ್ಚು ಸಾಕು. ಕೆಲಸಕ್ಕೆ ಕೂರುವ ಮೊದಲು ಉಂಗುರ, ಕಡಗಗಳನ್ನು ಬಿಚ್ಚಿಡಿ. ಬ್ಯಾಟರಿ ಕಳಚುವಾಗ ನೆಗೆಟಿವ್ ತುದಿಯನ್ನು ಮೊದಲು ತೆಗೆದು ಕೊನೆಗೆ ಹಾಕಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಕ್ಲಾಂಪನ್ನು ಎಂದಿಗೂ ಬಿಚ್ಚಬೇಡಿ, ಆ ಕ್ಷಣದಲ್ಲಿ ಏರುವ ವೋಲ್ಟೇಜು, ಓಡುವಾಗ ಬ್ಯಾಟರಿಗೆ ಚಾರ್ಜು ಕೊಡುವ ಆಲ್ಟರ್ನೇಟರಿನ ಡಯೋಡುಗಳನ್ನು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳನ್ನು) ಸುಡಬಹುದು.

ಮೊದಲ ಅಳತೆ ಬ್ಯಾಟರಿಯದು. ರಾತ್ರಿಯಿಡೀ ಸುಮ್ಮನಿದ್ದ, ಪೂರ್ತಿ ಚಾರ್ಜಾದ ಲೆಡ್-ಆಸಿಡ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಇದ್ದರೆ ಅರ್ಧ ಖಾಲಿಯಾಗಿದೆ, 11.9ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದಾಗಿದೆ. ಸೆಲ್ಫ್ ಹೊಡೆಯುವಾಗ ಮೀಟರು 9.6ಕ್ಕಿಂತ ಕೆಳಗಿಳಿಯಬಾರದು. ಚಾರ್ಜಾದ ಬ್ಯಾಟರಿಯೂ ಅಷ್ಟು ಕುಸಿದರೆ ಅದರ ಆಯುಷ್ಯ ಮುಗಿದಿರುವ ಸಾಧ್ಯತೆ ಹೆಚ್ಚು. ಕುಸಿಯದೆಯೂ ಸೆಲ್ಫ್ ತಿರುಗದಿದ್ದರೆ ಬ್ಯಾಟರಿಯ ಮೇಲೆ ತಪ್ಪು ಹೊರಿಸಬೇಡಿ.

ಎಂಜಿನ್ ಚಾಲೂ ಮಾಡಿ ತುಸು ಆಕ್ಸಿಲರೇಟರ್ ಒತ್ತಿದಾಗ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಕಾಣಬೇಕು. ಏರದಿದ್ದರೆ ಮೊದಲು ಬೆಲ್ಟನ್ನು ಪರೀಕ್ಷಿಸಿ, ಏಕೆಂದರೆ ಒದ್ದೆಯಾದ ಸಡಿಲ ಬೆಲ್ಟು ಕಿರುಗುಟ್ಟುತ್ತ ಜಾರುತ್ತದೆ. 15ಕ್ಕೆ ಏರಿದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಇಲ್ಲಿ ಕೊಡಗಿನ ಒಂದು ವಿಶೇಷವನ್ನು ಲೆಕ್ಕಕ್ಕೆ ಹಿಡಿಯಬೇಕು. ಮಂಜು ಮುಸುಕಿದ ಮಡಿಕೇರಿಯ ತಿರುವುಗಳಲ್ಲಿ ಹೆಡ್‌ಲೈಟು, ವೈಪರು, ಗಾಜಿನ ಮಬ್ಬು ತೆಗೆಯುವ ಬ್ಲೋವರು ಎಲ್ಲವನ್ನೂ ಹಾಕಿಕೊಂಡು ನಿಧಾನವಾಗಿ ಸಾಗುವಾಗ, ಎಂಜಿನಿನ ಸುತ್ತು ಕಡಿಮೆಯಿದ್ದಷ್ಟೂ ಆಲ್ಟರ್ನೇಟರ್ ಕೊಡುವ ಕರೆಂಟೂ ಕಡಿಮೆಯಾಗಿ, ಹಿಂದಿನ ಫ್ರಿಜ್ಜು, ಪಂಪುಗಳಿಗೆಂದು ಇಟ್ಟ ಎರಡನೆಯ ಬ್ಯಾಟರಿಗೆ ಏನೂ ಉಳಿಯುವುದಿಲ್ಲ. ಮಳೆಗಾಲದ ಮೋಡದಡಿ ಸೋಲಾರ್ ಫಲಕದಿಂದಲೂ ಹೆಚ್ಚೇನು ಬರುವುದಿಲ್ಲ. ಹಾಗಾಗಿ ಭಾಗಮಂಡಲಕ್ಕೆ ಹೋಗಿಬಂದ ಮೇಲೂ ಫ್ರಿಜ್ಜು ನಿಂತುಹೋದರೆ ಅದೆಲ್ಲವೂ ದೋಷವೇ ಆಗಿರಬೇಕಿಲ್ಲ. ಬಂದದ್ದಕ್ಕಿಂತ ಖರ್ಚು ಹೆಚ್ಚಾಗಿರಬಹುದು.

ದೋಷವೋ ಖರ್ಚೋ ಎಂದು ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ಎರಡೂ ಬ್ಯಾಟರಿಗಳನ್ನು ಅಳೆಯಿರಿ. ಅವುಗಳ ನಡುವಿನ ರಿಲೇ, ಅಂದರೆ ಎಂಜಿನ್ ಓಡುವಾಗ ಎರಡನ್ನೂ ಸೇರಿಸುವ ಸ್ವಿಚ್ಚು, ಕೂಡಿಕೊಂಡಿದ್ದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ಬರುತ್ತದೆ. ಮುಂದೆ 14.1, ಹಿಂದೆ 12.4 ಎಂದು ಬಂದರೆ ರಿಲೇ ಕೂಡಿಕೊಂಡಿಲ್ಲ, ಇಲ್ಲವೇ ನಡುವಿನ ಫ್ಯೂಸ್ ಹೋಗಿದೆ. ಯಾರೋ ಉತ್ಸಾಹದಲ್ಲಿ ಎರಡನೆಯದನ್ನು ಲಿಥಿಯಂ ಬ್ಯಾಟರಿಗೆ ಬದಲಿಸಿದ್ದರೆ ಹಳೆಯ ರಿಲೇಯನ್ನೇ ನೆಚ್ಚಬಾರದು. ಲಿಥಿಯಂ ಬ್ಯಾಟರಿ ಎಳೆಯುವ ಭಾರೀ ಕರೆಂಟಿಗೆ ಆಲ್ಟರ್ನೇಟರ್ ಕಾದು ಕೆಡಬಹುದಾದ್ದರಿಂದ ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಇರಲೇಬೇಕು.

ಇಷ್ಟೆಲ್ಲ ಸರಿಯಿದ್ದೂ ದೀಪ ಮಂಕಾಗಿದ್ದರೆ, ಪಂಪು ನರಳಿದರೆ, ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕಿದರೆ, ಅರ್ಥಿಂಗ್ ಕೆಟ್ಟಿದೆ ಎಂದು ತಿಳಿಯಿರಿ. ವಾಹನದಲ್ಲಿ ಕರೆಂಟು ತಂತಿಯಲ್ಲಿ ಹೋಗಿ ಬಾಡಿಯ ತಗಡಿನ ಮೂಲಕ ಮರಳುತ್ತದೆ. ಮರಳುವ ದಾರಿಯ ಬೋಲ್ಟು ತುಕ್ಕು ಹಿಡಿದರೆ ಕರೆಂಟು ಬೇರೆ ದೀಪದ ಮೂಲಕ ದಾರಿ ಹುಡುಕುತ್ತದೆ, ಒಂದನ್ನು ಒತ್ತಿದರೆ ಇನ್ನೊಂದು ಉರಿಯುವುದು ಅದಕ್ಕೇ. ತಂತಿ ಕಡಿದಿಲ್ಲವೆಂದು ಸದ್ದು ಮಾಡಿ ಹೇಳುವ ಮೀಟರಿನ ‘ಬೀಪ್’ ಪರೀಕ್ಷೆಯನ್ನು ಇಲ್ಲಿ ನಂಬಬಾರದು. ಹತ್ತು ಎಳೆಗಳಲ್ಲಿ ಒಂದೇ ಉಳಿದಿದ್ದರೂ ಮೀಟರು ಬೀಪ್ ಎನ್ನುತ್ತದೆ, ಆದರೆ ಐದು ಆಂಪಿಯರ್ ಹರಿಯಬೇಕಾದಾಗ ಆ ಒಂದು ಎಳೆ ಕೈಕೊಡುತ್ತದೆ. ಆದ್ದರಿಂದ ಉಪಕರಣವನ್ನು ಚಾಲೂ ಇಟ್ಟುಕೊಂಡೇ ಅಳೆಯಬೇಕು.

ಒಮ್ಮೆ ವಿರಾಜಪೇಟೆಯ ಬಳಿ ತೋಟವೊಂದರ ಕಣದಲ್ಲಿ ರಾತ್ರಿ ಉಳಿದಿದ್ದಾಗ ಪಂಪಿನ ನಲ್ಲಿ ತೆರೆದರೆ ಒಳಗಿನ ದೀಪಗಳೆಲ್ಲ ಮಂಕಾಗುತ್ತಿದ್ದವು. ಅದೇ ತಿಂಗಳು ಒಂದು ಗ್ಯಾರೇಜಿನಲ್ಲಿ ಇದೇ ದೂರಿಗೆ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದಿದ್ದೆ. ಪಂಪು ಓಡುತ್ತಿರುವಾಗ ಬ್ಯಾಟರಿಯಲ್ಲಿ 12.5 ವೋಲ್ಟ್ ಇತ್ತು, ಪಂಪಿನ ತುದಿಗಳಲ್ಲಿ 10.9 ಮಾತ್ರ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಸೀಸದ ಮೇಲೂ ಕೆಂಪು ಕಡ್ಡಿಯನ್ನು ಪಂಪಿನ ನೆಗೆಟಿವ್ ತುದಿಯ ಮೇಲೂ ಇಟ್ಟೆ. ಸೊನ್ನೆಯ ಹತ್ತಿರ ಇರಬೇಕಾದ ಅಂಕಿ 1.4 ತೋರಿಸಿತು. ಹೋದ 1.6 ವೋಲ್ಟಿನಲ್ಲಿ 1.4 ಮರಳುವ ದಾರಿಯಲ್ಲೇ ಕಳೆದಿತ್ತು. ಕೆಂಪು ಕಡ್ಡಿಯನ್ನು ಜೋಡಣೆಯಿಂದ ಜೋಡಣೆಗೆ ಬ್ಯಾಟರಿಯ ಕಡೆ ಸರಿಸುತ್ತ ಬಂದಾಗ, ಸೀಟಿನಡಿಯ ಬೋಲ್ಟೊಂದರಲ್ಲಿ ತಂತಿಯ ರಿಂಗಿನ ಮೇಲೆ 1.3, ಪಕ್ಕದ ಬರಿಯ ತಗಡಿನ ಮೇಲೆ 0.1 ಬಂತು. ಬೋಲ್ಟು ಬಿಚ್ಚಿದರೆ ರಿಂಗಿನಡಿಯಲ್ಲಿ ಬಾಡಿಯ ಬಣ್ಣ ಹಾಗೆಯೇ ಇತ್ತು, ಅದರ ಸುತ್ತ ತುಕ್ಕಿನ ಪುಡಿ. ಬಣ್ಣ ಕೆರೆದು, ತಗಡು ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದೆ. ಹೊಸ ಬ್ಯಾಟರಿಯ ಹಣವಂತೂ ಮರಳಲಿಲ್ಲ. ಅರ್ಥಿಂಗಿನಲ್ಲಿ 0.2 ವೋಲ್ಟಿಗಿಂತ ಹೆಚ್ಚು ಕಳೆದರೆ ಹೀಗೆಯೇ ಬೆನ್ನಟ್ಟಿ. ಪಾಸಿಟಿವ್ ಕಡೆಗೂ ಇದೇ ಕ್ರಮ. ಬ್ಯಾಟರಿಯ ಪಾಸಿಟಿವ್‌ನಿಂದ ಉಪಕರಣದ ಪಾಸಿಟಿವ್‌ಗೆ ಅಳೆದರೆ ಸ್ವಿಚ್ಚು, ಫ್ಯೂಸ್ ಹೋಲ್ಡರು, ಕನೆಕ್ಟರುಗಳಲ್ಲಿ ಯಾವುದು ನುಂಗುತ್ತಿದೆ ಎಂದು ತಿಳಿಯುತ್ತದೆ.

ತಾಮ್ರದ ಕಿಲುಬು ಇನ್ನೊಂದು ಕಾಟ. ಹಿಂಬದಿಯ ದೀಪದ ಹೋಲ್ಡರಿನಲ್ಲಿ ಹಸಿರು ಪುಡಿ ಕಂಡರೆ ಅದನ್ನು ಕೆರೆದರಷ್ಟೇ ಸಾಲದು, ತಂತಿಯ ಹೊದಿಕೆಯನ್ನು ಒಂದಂಗುಲ ಸುಲಿದು ನೋಡಿ. ಒಳಗೆ ಎಳೆಗಳು ಕಪ್ಪಾಗಿದ್ದರೆ ನೀರು ಹೊದಿಕೆಯೊಳಗೇ ಏರಿದೆ. ಕೆಂಪು ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ತುಂಡು ಜೋಡಿಸಬೇಕು. ಬರಿಯ ಟೇಪು ಸುತ್ತಿದರೆ ಒಳಗಿನ ತೇವ ಆರುವುದಿಲ್ಲ. ಅದರ ಬದಲು ಸರಿಯಾಗಿ ಒತ್ತಿದ ಕ್ರಿಂಪ್ ಜೋಡಣೆಯ ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ, ಅಂಟುಳ್ಳ ಹೀಟ್‌ಶ್ರಿಂಕ್ ಕೊಳವೆ ಏರಿಸಿ. ತಂತಿಯು ಕನೆಕ್ಟರಿಗೆ ಸೇರುವ ಮೊದಲು ತುಸು ಕೆಳಗೆ ಜೋತು ಮತ್ತೆ ಮೇಲೇರುವಂತೆ ಕಟ್ಟಿದರೆ ಹರಿದುಬಂದ ನೀರು ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ಮುಚ್ಚಿದ ವ್ಯಾನಿನಲ್ಲಿ ಅನ್ನ ಬೇಯಿಸಿ ಮಲಗಿದ ರಾತ್ರಿಯ ಹಬೆಯೂ ಪ್ಲೈವುಡ್ಡಿನ ಹಿಂದಿನ ತಣ್ಣನೆಯ ತಗಡಿನ ಮೇಲೆ ನೀರಾಗಿ ಇಳಿಯುತ್ತದೆ ಎಂಬುದನ್ನು ಮರೆಯಬಾರದು.

ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ ಎಲ್ಲ ಸ್ವಿಚ್ಚು ಆರಿಸಿ, ನೆಗೆಟಿವ್ ಕ್ಲಾಂಪ್ ಬಿಚ್ಚಿ, ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ಸಾಕೆಟ್ಟಿಗೆ ಬದಲಿಸಿ, ಮೀಟರನ್ನು ಕ್ಲಾಂಪು ಮತ್ತು ಬ್ಯಾಟರಿಯ ನಡುವೆ ಜೋಡಿಸಿ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಮೀಟರು ಸುಟ್ಟುಹೋಗುತ್ತದೆ. 50 ಮಿಲಿ ಆಂಪಿಯರಿನವರೆಗೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ತೋರಿಸಿದರೆ ದಿನಕ್ಕೆ 12 ಆಂಪಿಯರ್-ಅವರ್ ಹೋಗುತ್ತಿದೆ ಎಂದರ್ಥ, 100ರ ಬ್ಯಾಟರಿ ನಾಲ್ಕೇ ದಿನದಲ್ಲಿ ಅರ್ಧವಾಗುತ್ತದೆ. ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಬನ್ನಿ, ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಕಳ್ಳ ಆ ಸಾಲಿನಲ್ಲಿದ್ದಾನೆ. ಎಲ್ಲವನ್ನೂ ಕಿತ್ತರೂ ಬೀಳದಿದ್ದರೆ ಮೀಟರನ್ನೂ ಬಿಡಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿರುವಾಗಲೇ ಆಲ್ಟರ್ನೇಟರಿನ ದಪ್ಪ ತಂತಿಯನ್ನು ಕಳಚಿ ಮತ್ತೆ ಅಳೆಯಿರಿ. ಸೋರುವ ಡಯೋಡು ಅಲ್ಲಿ ಸಿಕ್ಕಿಬೀಳುತ್ತದೆ.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡದನ್ನು ಹಾಕುವುದಾಗಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದಾಗಲಿ ವಾಹನಕ್ಕೆ ಬೆಂಕಿ ಇಟ್ಟಂತೆಯೇ. ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರಿನದು. ಮೊದಲಿದ್ದ ಬಣ್ಣವನ್ನೇ ಹಾಕಬೇಕು, ಅದೂ ಮೊದಲಿನವರು ಸರಿಯಾದದ್ದನ್ನೇ ಹಾಕಿದ್ದಾರೆ ಎಂದು ತಂತಿಯ ದಪ್ಪ ನೋಡಿ ಖಚಿತಪಡಿಸಿಕೊಂಡ ಮೇಲೆ. ಹೋದ ಫ್ಯೂಸಿನ ಜಾಗದಲ್ಲಿ ಟೆಸ್ಟ್ ಲ್ಯಾಂಪನ್ನು ಸೇರಿಸಿ, ಆ ಸಾಲಿನ ಉಪಕರಣಗಳನ್ನು ಕಳಚಿ. ಬಲ್ಬು ಇನ್ನೂ ಪ್ರಕಾಶವಾಗಿ ಉರಿಯುತ್ತಿದ್ದರೆ ತಂತಿ ಎಲ್ಲೋ ಬಾಡಿಗೆ ತಾಗಿದೆ. ತಂತಿಯ ಕಟ್ಟನ್ನು ಅಲುಗಿಸುತ್ತ ಹೋದಾಗ ಬಲ್ಬು ಆರಿದ ಜಾಗದಲ್ಲೇ ದೋಷವಿರುತ್ತದೆ. ಬಾಗಿಲ ಕೀಲಿನ ಬಳಿ, ರಬ್ಬರ್ ಗ್ರೊಮೆಟ್ ಕಳೆದುಹೋದ ತೂತುಗಳಲ್ಲಿ ಮೊದಲು ನೋಡಿ. ತೋಟದ ಶೆಡ್ಡಿನಲ್ಲಿ ನಿಲ್ಲಿಸುವವರು ಡ್ಯಾಶ್‌ಬೋರ್ಡಿನ ಕೆಳಗೆ ಇಲಿಯ ಹಿಕ್ಕೆಯನ್ನೂ ಹುಡುಕಬೇಕು. ಹಿಕ್ಕೆ ಇದ್ದಲ್ಲಿ ಹೊದಿಕೆ ಕಡಿದ ತಂತಿ ಬಹುಪಾಲು ಇದ್ದೇ ಇರುತ್ತದೆ.

ಹೋಂಸ್ಟೇಯ ಗೋಡೆಯಿಂದ 230 ವೋಲ್ಟ್ ಎಳೆದುಕೊಳ್ಳುವ ಭಾಗಕ್ಕೂ ಇನ್ವರ್ಟರಿನ ಹೊರತುದಿಗೂ ಮೇಲಿನ ಯಾವ ಕ್ರಮವೂ ಅನ್ವಯಿಸುವುದಿಲ್ಲ. ಒದ್ದೆ ನೆಲದ ಮೇಲೆ ನಿಂತು ವ್ಯಾನಿನ ಬಾಗಿಲು ಮುಟ್ಟಿದಾಗ ಜುಮ್ಮೆಂದರೆ ಮತ್ತೆ ಮುಟ್ಟದೆ, ಮನೆಯ ಕಡೆಯ ಮೇನ್ ಸ್ವಿಚ್ ಆರಿಸಿದ ಮೇಲಷ್ಟೇ ಪ್ಲಗ್ ಕಿತ್ತು, ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚು) ಇಲ್ಲದ ವ್ಯಾನನ್ನು ಗೋಡೆಯ ಸಾಕೆಟ್ಟಿಗೆ ಸೇರಿಸಲೇಬಾರದು.

12 ವೋಲ್ಟಿನ ದುರಸ್ತಿ ಮುಗಿದ ಮೇಲೆ ಒಂದು ಬಕೆಟ್ ನೀರನ್ನು ಹಿಂಬದಿಯ ದೀಪಗಳ ಮೇಲೂ ಬಾಗಿಲ ಅಂಚಿಗೂ ಸುರಿದು, ಅರ್ಧ ಗಂಟೆ ಬಿಟ್ಟು, ಎಲ್ಲವನ್ನೂ ಹಾಕಿ ಅದೇ ಅಳತೆಗಳನ್ನು ಮತ್ತೊಮ್ಮೆ ತೆಗೆಯಿರಿ. ಅಂಕಿಗಳನ್ನು ದಿನಾಂಕದೊಂದಿಗೆ ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಬರೆದು ಅಂಟಿಸಿದರೆ, ಮುಂದಿನ ಮಳೆಗಾಲದಲ್ಲಿ ಯಾವ ಜೋಡಣೆ ಜಾರತೊಡಗಿದೆ ಎಂದು ಹೋಲಿಸಿ ನೋಡಬಹುದು.