ನ್ಯೂಯಾರ್ಕಿನ ಸದರ್ನ್ ಡಿಸ್ಟ್ರಿಕ್ಟ್ ಕೋರ್ಟಿನ ಕಡತ ಹುಡುಕಿ ಓದುವುದು ಹೇಗೆ

ಸುದ್ದಿಯಲ್ಲಿ ‘ನ್ಯೂಯಾರ್ಕ್ ಜಿಲ್ಲಾ ನ್ಯಾಯಾಲಯ’ ಎಂದು ಓದಿ ಮೂಲ ಕಾಗದ ಹುಡುಕಲು ಹೊರಟವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಆ ರಾಜ್ಯದಲ್ಲಿ ಫೆಡರಲ್, ಅಂದರೆ ಕೇಂದ್ರ ವ್ಯವಸ್ಥೆಯ, ವಿಚಾರಣಾ ನ್ಯಾಯಾಲಯ ಒಂದಲ್ಲ, ನಾಲ್ಕಿವೆ: ಸದರ್ನ್, ಈಸ್ಟರ್ನ್, ನಾರ್ದರ್ನ್, ವೆಸ್ಟರ್ನ್. ಅಲ್ಲಿನ ‘ಡಿಸ್ಟ್ರಿಕ್ಟ್’ ನಮ್ಮ ಜಿಲ್ಲೆಯಲ್ಲ. ಹಲವು ಕೌಂಟಿಗಳನ್ನು (ರಾಜ್ಯದೊಳಗಿನ ಆಡಳಿತ ವಿಭಾಗಗಳು) ಸೇರಿಸಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕಾಯಿದೆಯಲ್ಲೇ ಗೆರೆ ಎಳೆದ ಪ್ರದೇಶ ಅದು. ಇಡೀ ಅಮೆರಿಕದಲ್ಲಿ ಇಂಥವು 94.

ಹಾಗಾಗಿ ಮೊದಲು ಕೌಂಟಿ ನೋಡಿ. ಮ್ಯಾನ್‌ಹಟನ್, ಬ್ರಾಂಕ್ಸ್, ವೆಸ್ಟ್‌ಚೆಸ್ಟರ್, ಪಟ್ನಮ್, ರಾಕ್‌ಲ್ಯಾಂಡ್, ಆರೆಂಜ್, ಡಚೆಸ್, ಸಲಿವನ್ ಸದರ್ನ್‌ಗೆ ಸೇರಿದವು. ಬ್ರೂಕ್ಲಿನ್, ಕ್ವೀನ್ಸ್, ಸ್ಟೇಟನ್ ಐಲ್ಯಾಂಡ್ ಅದೇ ನಗರದಲ್ಲಿದ್ದರೂ ಈಸ್ಟರ್ನ್ ಪಾಲು. ಇನ್ನೊಂದು ಗುಂಡಿ ‘ನ್ಯೂಯಾರ್ಕ್ ಸುಪ್ರೀಂ ಕೋರ್ಟ್’ ಎಂಬ ಹೆಸರು. ಹೆಸರು ದೊಡ್ಡದಾದರೂ ಅದು ರಾಜ್ಯದ ವಿಚಾರಣಾ ನ್ಯಾಯಾಲಯವಷ್ಟೇ. ಅದರ ಕಡತಗಳು ಫೆಡರಲ್ ವ್ಯವಸ್ಥೆಯಲ್ಲಿ ಸಿಗುವುದಿಲ್ಲ. ಇನ್ನು ‘ಎಸ್‌ಡಿಎನ್‌ವೈ (ಸದರ್ನ್ ಡಿಸ್ಟ್ರಿಕ್ಟ್ ಆಫ್ ನ್ಯೂಯಾರ್ಕ್‌ನ ಚುಟುಕು ಹೆಸರು) ಆರೋಪ ಹೊರಿಸಿತು’ ಎಂಬ ಸಾಲು ಕಂಡರೆ ಅದು ಕೋರ್ಟಿನ ಮಾತಲ್ಲ, ಅದೇ ಪ್ರದೇಶದ ಯು.ಎಸ್. ಅಟಾರ್ನಿ, ಅಂದರೆ ಫೆಡರಲ್ ಸರ್ಕಾರಿ ವಕೀಲರ, ಕಚೇರಿಯ ಮಾತು. ಆ ಕಚೇರಿ ಫೆಡರಲ್ ಸರ್ಕಾರದ ನ್ಯಾಯ ಇಲಾಖೆಯ ಕೈಕೆಳಗಿನದು.

ಕೋರ್ಟು ಖಚಿತವಾದ ಮೇಲೆ ಪ್ರಕರಣದ ಸಂಖ್ಯೆ. ಮಾದರಿಗೆ ಹೀಗೊಂದು ಇಟ್ಟುಕೊಳ್ಳಿ: 1:24-ಸಿವಿ-01234-ಎಬಿಸಿ-ಡಿಇ. ಮೊದಲ ಅಂಕಿ ಕಚೇರಿಯದು. ಸದರ್ನ್‌ನಲ್ಲಿ 1 ಎಂದರೆ ಮ್ಯಾನ್‌ಹಟನ್, 7 ಎಂದರೆ ವೈಟ್ ಪ್ಲೇನ್ಸ್. 24 ಎನ್ನುವುದು ದಾವೆ ದಾಖಲಾದ ವರ್ಷ. ತೀರ್ಪಿನ ವರ್ಷ ಹಾಕಿ ಹುಡುಕಿದರೆ ಏನೂ ಸಿಗದು. ಸಿವಿ ಸಿವಿಲ್, ಸಿಆರ್ ಕ್ರಿಮಿನಲ್. ಎಂಜೆ ಎಂದಿದ್ದರೆ ದೋಷಾರೋಪ ಪಟ್ಟಿಗೂ ಮುಂಚಿನ, ಮ್ಯಾಜಿಸ್ಟ್ರೇಟ್ ಮುಂದಿನ ಹಂತ. ಬಂಧನದ ದಿನದ ದೂರು ಎಂಜೆ ಸಂಖ್ಯೆಯಲ್ಲಿರುತ್ತದೆ, ಗ್ರ್ಯಾಂಡ್ ಜ್ಯೂರಿ (ಆರೋಪಕ್ಕೆ ಆಧಾರವಿದೆಯೇ ಎಂದು ನೋಡುವ ನಾಗರಿಕರ ಮಂಡಳಿ) ಆರೋಪ ಹೊರಿಸಿದ ಮೇಲೆ ಹೊಸದಾಗಿ ಸಿಆರ್ ಸಂಖ್ಯೆ ಬೀಳುತ್ತದೆ. ಎಂಡಿ ಕಂಡರೆ ಬೇರೆ ಬೇರೆ ಡಿಸ್ಟ್ರಿಕ್ಟ್‌ಗಳಿಂದ ತಂದು ಒಟ್ಟುಗೂಡಿಸಿದ ಪ್ರಕರಣ. ಆಗ ಮುಖ್ಯ ಆದೇಶಗಳನ್ನು ಆ ಎಂಡಿ ಕಡತದಲ್ಲೇ ಹುಡುಕಬೇಕು. ಕೊನೆಯ ಅಕ್ಷರಗಳು ನ್ಯಾಯಾಧೀಶರ ಹೆಸರಿನ ಮೊದಲಕ್ಷರಗಳು. ಎರಡನೆಯ ಗುಂಪಿದ್ದರೆ ಅದು ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರದು.

ಈ ಎರಡು ಗುಂಪುಗಳ ವ್ಯತ್ಯಾಸ ಗೊತ್ತಿಲ್ಲದೆ ಕಡತ ಓದಬಾರದು. ಸದರ್ನ್‌ಗೆ ಕಾಯಿದೆ ಕೊಟ್ಟಿರುವ ಡಿಸ್ಟ್ರಿಕ್ಟ್ ನ್ಯಾಯಾಧೀಶರ ಹುದ್ದೆಗಳು 28. ಅಧ್ಯಕ್ಷರು ಹೆಸರಿಸಿ, ಸೆನೆಟ್ ಒಪ್ಪಿದರೆ ನೇಮಕ. ಅದಕ್ಕೆ ನಿವೃತ್ತಿ ವಯಸ್ಸು ಎಂಬುದಿಲ್ಲ. 65 ತುಂಬಿ 15 ವರ್ಷ ಸೇವೆ ಮಾಡಿದವರು ಬಯಸಿದರೆ ಸೀನಿಯರ್ ಆಗಿ ಕೆಲಸ ಕಡಿಮೆ ಮಾಡಿಕೊಳ್ಳಬಹುದು, ಆಗ ಅವರ ಹುದ್ದೆ ಖಾಲಿಯಾಗುತ್ತದೆ. ಆದ್ದರಿಂದಲೇ ಪೀಠದಲ್ಲಿ ಕೂತವರ ಎಣಿಕೆ 28ನ್ನು ದಾಟುವುದುಂಟು. ಪೂರ್ಣಾವಧಿ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರನ್ನು ನೇಮಿಸುವವರು ಈ ಡಿಸ್ಟ್ರಿಕ್ಟ್ ನ್ಯಾಯಾಧೀಶರೇ, ಅವಧಿ 8 ವರ್ಷ. ಮುಖ್ಯ ನ್ಯಾಯಾಧೀಶರು ಆಡಳಿತ ನೋಡಿಕೊಳ್ಳುತ್ತಾರೆ, ಸಹೋದ್ಯೋಗಿಗಳ ತೀರ್ಪು ತಿದ್ದುವ ಅಧಿಕಾರ ಅವರಿಗಿಲ್ಲ. ಅವರ ಅವಧಿ ಹೆಚ್ಚೆಂದರೆ 7 ವರ್ಷ.

ಕಡತದಲ್ಲಿ ‘ರಿಪೋರ್ಟ್ ಅಂಡ್ ರೆಕಮೆಂಡೇಶನ್’ ಎಂದಿದ್ದರೆ ಅದು ಮ್ಯಾಜಿಸ್ಟ್ರೇಟ್ ಕೊಟ್ಟ ಶಿಫಾರಸು. ಆಕ್ಷೇಪಕ್ಕೆ 14 ದಿನ ಇರುತ್ತದೆ, ಆಮೇಲೆ ಡಿಸ್ಟ್ರಿಕ್ಟ್ ನ್ಯಾಯಾಧೀಶರು ಒಪ್ಪಬಹುದು, ತಿದ್ದಬಹುದು, ತಳ್ಳಿಹಾಕಬಹುದು. ಇದನ್ನೇ ‘ಕೋರ್ಟ್ ತೀರ್ಪು’ ಎಂದು ಬರೆದುಬಿಡುವುದು ತೀರಾ ಸಾಮಾನ್ಯ ತಪ್ಪು. ಎರಡೂ ಕಡೆಯವರು ಒಪ್ಪಿಗೆ ಕೊಟ್ಟ ಸಿವಿಲ್ ಪ್ರಕರಣದಲ್ಲಾದರೆ ಮ್ಯಾಜಿಸ್ಟ್ರೇಟ್ ಕೊನೆಯ ತೀರ್ಪನ್ನೇ ಕೊಡಬಲ್ಲರು.

ಕಾಗದ ಸಿಗುವ ಜಾಗ ಪೇಸರ್ ಎಂಬ ಸರ್ಕಾರಿ ಜಾಲ. ಪುಟಕ್ಕೆ 10 ಸೆಂಟ್, ಒಂದು ದಸ್ತಾವೇಜಿಗೆ ಗರಿಷ್ಠ 3 ಡಾಲರ್. ಮೂರು ತಿಂಗಳ ಲೆಕ್ಕ 30 ಡಾಲರ್ ಮೀರದಿದ್ದರೆ ಪೂರ್ತಿ ಮನ್ನಾ. ದುಡ್ಡು ಸೋರುವುದು ಬೇರೆ ಕಡೆ: ಹೆಸರಿನ ಹುಡುಕಾಟಕ್ಕೂ ವಿಚಾರಣೆಯ ಮಾತಿನ ಪ್ರತಿಗೂ ಆ 3 ಡಾಲರ್ ಮಿತಿ ಇಲ್ಲ. ಸಾಮಾನ್ಯ ಹೆಸರೊಂದನ್ನು ದೇಶದಾದ್ಯಂತ ಹುಡುಕಿದರೆ ಬರೀ ಫಲಿತಾಂಶದ ಪಟ್ಟಿಗೇ ಬಿಲ್ ಏರುತ್ತದೆ. ಕೋರ್ಟ್ ಮತ್ತು ವರ್ಷ ಹಾಕಿ ಕಿರಿದು ಮಾಡಿಕೊಂಡೇ ಹುಡುಕಿ. ಕೋರ್ಟೇ ‘ಒಪಿನಿಯನ್’ ಎಂದು ಗುರುತಿಸಿದ ಬರಹಗಳಿಗೆ ಶುಲ್ಕವಿಲ್ಲ. ಕೋರ್ಟ್‌ಲಿಸನರ್ ಎಂಬ ಉಚಿತ ಸಂಗ್ರಹದಲ್ಲಿ ಬೇರೆಯವರು ಈಗಾಗಲೇ ಇಳಿಸಿಕೊಂಡ ಪ್ರತಿಗಳು ಇರುತ್ತವೆ, ಮೊದಲು ಅಲ್ಲಿ ನೋಡುವುದು ಜಾಣತನ.

ಡಾಕೆಟ್, ಅಂದರೆ ಪ್ರಕರಣದಲ್ಲಿ ದಾಖಲಾದ ಕಾಗದಗಳ ಕ್ರಮವಾರು ಪಟ್ಟಿಯನ್ನು, ಮೇಲಿನಿಂದ ಕೆಳಗೆ ಓದಿ. 1ನೇ ನಮೂದು ದೂರಿನದಾಗಿದ್ದರೆ ದಾವೆ ಇಲ್ಲೇ ಹುಟ್ಟಿದ್ದು. ‘ನೋಟಿಸ್ ಆಫ್ ರಿಮೂವಲ್’ ಆಗಿದ್ದರೆ ಪ್ರತಿವಾದಿ ಅದನ್ನು ರಾಜ್ಯದ ಕೋರ್ಟಿನಿಂದ ಎಳೆತಂದಿದ್ದಾನೆ. ಮೂಲ ದೂರು ಆ ನೋಟಿಸಿನ ಲಗತ್ತಿನಲ್ಲಿರುತ್ತದೆ. ಹೊಸ ದಾವೆಯ ಶುಲ್ಕ 405 ಡಾಲರ್, ಸಮನ್ಸ್ ತಲುಪಿಸಲು 90 ದಿನ, ತಲುಪಿದ ಮೇಲೆ ಉತ್ತರಕ್ಕೆ 21 ದಿನ. ಪ್ರತಿವಾದಿ ಸಮನ್ಸನ್ನು ವಿಧಿವತ್ತಾಗಿ ತಲುಪಿಸುವುದು ಬೇಡವೆಂದು ಬರೆದುಕೊಟ್ಟರೆ 60 ದಿನ ಸಿಗುತ್ತದೆ, ಹಾಗಾಗಿ ತಡವಾದ ಉತ್ತರವೆಲ್ಲ ತಪ್ಪಿದ ಗಡುವಲ್ಲ. ದಾವೆಯ ಆಧಾರ ಫೆಡರಲ್ ಕಾನೂನೋ ಬೇರೆ ಬೇರೆ ರಾಜ್ಯದವರ ಜಗಳವೋ ನೋಡಿಕೊಳ್ಳಿ. ಎರಡನೆಯದಾದರೆ ಮೊತ್ತ 75,000 ಡಾಲರ್ ಮೀರಿರಲೇಬೇಕು, ಸರಿಯಾಗಿ 75,000 ಇದ್ದರೆ ಸಾಲದು. ಎಲ್‌ಎಲ್‌ಸಿ (ಸೀಮಿತ ಹೊಣೆಗಾರಿಕೆಯ) ಕಂಪನಿಗೆ ಅದರ ಪ್ರತಿಯೊಬ್ಬ ಸದಸ್ಯನ ರಾಜ್ಯವೂ ಲೆಕ್ಕಕ್ಕೆ ಬರುತ್ತದೆ. ಅದನ್ನು ಮೊದಲೇ ನೋಡದೆ ವರ್ಷಗಟ್ಟಲೆ ನಡೆದ ದಾವೆ ಅಧಿಕಾರವ್ಯಾಪ್ತಿ ಇಲ್ಲವೆಂದು ಬಿದ್ದುಹೋಗುವುದಿದೆ.

ಸದರ್ನ್‌ನದೇ ಒಂದು ರೂಢಿ ‘ಮೆಮೊ ಎಂಡಾರ್ಸ್‌ಮೆಂಟ್’. ವಕೀಲರ ಪತ್ರದ ಅಂಚಿನಲ್ಲೇ ನ್ಯಾಯಾಧೀಶರು ನಾಲ್ಕು ಸಾಲು ಬರೆದು ಸಹಿ ಹಾಕುತ್ತಾರೆ, ಅದೇ ಆದೇಶ. ಹೊಸಬರು ಇದನ್ನು ಬರೀ ಪತ್ರವೆಂದು ಬಿಟ್ಟು ಮುಂದೆ ಹೋಗುತ್ತಾರೆ. ಒಬ್ಬೊಬ್ಬ ನ್ಯಾಯಾಧೀಶರಿಗೂ ಅವರದೇ ನಿಯಮಗಳೂ ಉಂಟು: ಅರ್ಜಿಗೆ ಮುಂಚೆ ಪತ್ರ ಬರೆಯಬೇಕೇ, ಪುಟಗಳೆಷ್ಟು, ಇತ್ಯಾದಿ. ಕೋರ್ಟಿನ ಜಾಲತಾಣದಲ್ಲಿ ಅವರ ಹೆಸರಿನ ಕೆಳಗೆ ಅವು ಸಿಗುತ್ತವೆ.

ಹಳೆಯ ಕಡತಕ್ಕೆ ಇತಿಹಾಸವೇ ಕೈದೀಪ. 1789ರ ಸೆಪ್ಟೆಂಬರ್ 24ರ ನ್ಯಾಯಾಂಗ ಕಾಯಿದೆ 13 ಡಿಸ್ಟ್ರಿಕ್ಟ್‌ಗಳನ್ನು ಮಾಡಿತು. ಅವುಗಳಲ್ಲಿ ನ್ಯೂಯಾರ್ಕ್ ಕೋರ್ಟು ಜೇಮ್ಸ್ ಡ್ವೇನ್ ಅವರ ಪೀಠದಲ್ಲಿ ಅದೇ ನವೆಂಬರ್ 3ರಂದು, ಸುಪ್ರೀಂ ಕೋರ್ಟಿಗೂ ಮುಂಚೆ, ಕಲಾಪ ಶುರುಮಾಡಿತು. ಆಗ ಇಡೀ ರಾಜ್ಯಕ್ಕೆ ಅದೊಂದೇ. 1814ರಲ್ಲಿ ಸದರ್ನ್, ನಾರ್ದರ್ನ್ ಎಂದು ಎರಡಾಯಿತು, 1865ರಲ್ಲಿ ಸದರ್ನ್‌ನಿಂದ ಈಸ್ಟರ್ನ್ ಒಡೆಯಿತು, 1900ರಲ್ಲಿ ನಾರ್ದರ್ನ್‌ನಿಂದ ವೆಸ್ಟರ್ನ್. ಅಂದರೆ 1850ರ ಬ್ರೂಕ್ಲಿನ್ ಪ್ರಕರಣವನ್ನು ಹುಡುಕಬೇಕಾದದ್ದು ಸದರ್ನ್‌ನ ಕಡತದಲ್ಲಿ.

ಇದಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ‘ಸರ್ಕಿಟ್ ಕೋರ್ಟ್’ ಎಂಬ ಪದದಲ್ಲಿ. ಈ ವ್ಯವಸ್ಥೆಯ ಮೊದಲ ನೂರು ವರ್ಷಗಳಲ್ಲಿ ಡಿಸ್ಟ್ರಿಕ್ಟ್ ಕೋರ್ಟಿನ ಕೈಯಲ್ಲಿದ್ದದ್ದು ಮುಖ್ಯವಾಗಿ ಹಡಗು-ಕಡಲಿನ ವ್ಯಾಜ್ಯ, ಮುಟ್ಟುಗೋಲು, ಸಣ್ಣ ಅಪರಾಧ. ದೊಡ್ಡ ವಿಚಾರಣೆಗಳು ಅದೇ ಊರಿನ ಸರ್ಕಿಟ್ ಕೋರ್ಟಿನಲ್ಲಿ ನಡೆಯುತ್ತಿದ್ದವು. 1912ರ ಜನವರಿ 1ಕ್ಕೆ ಆ ಕೋರ್ಟುಗಳು ರದ್ದಾದವು. ಆದ್ದರಿಂದ 1880ರ ಪೇಟೆಂಟ್ ದಾವೆಗೆ ರಾಷ್ಟ್ರೀಯ ಪತ್ರಾಗಾರದಲ್ಲಿ ಸರ್ಕಿಟ್ ಕೋರ್ಟಿನ ದಾಖಲೆ ಎಂದೇ ಕೇಳಬೇಕು. 1891ರಲ್ಲಿ ಹುಟ್ಟಿದ, ಈಗ ‘ಸೆಕೆಂಡ್ ಸರ್ಕಿಟ್’ ಎನ್ನುವ ಮೇಲ್ಮನವಿ ನ್ಯಾಯಾಲಯ ಬೇರೆಯೇ ಸಂಸ್ಥೆ. 1938ಕ್ಕಿಂತ ಹಿಂದಿನದಾದರೆ ಲಾ (ಪರಿಹಾರಧನ ಕೇಳುವಂಥ ದಾವೆ), ಈಕ್ವಿಟಿ (ತಡೆಯಾಜ್ಞೆ ಕೇಳುವಂಥ ದಾವೆ), ಅಡ್ಮಿರಲ್ಟಿ (ಕಡಲಿನ ವ್ಯಾಜ್ಯ) ಎಂದು ಬೇರೆ ಬೇರೆ ಸಂಖ್ಯಾಸರಣಿ ಇರುತ್ತದೆ. ಯಾವುದೆಂದು ಹೇಳದೆ ಬರೀ ಸಂಖ್ಯೆ ಕೊಟ್ಟರೆ ತಪ್ಪು ಪೆಟ್ಟಿಗೆ ಬರುತ್ತದೆ.

ಪ್ರಕರಣ ಮುಗಿಯಿತೇ ಎಂದು ತಿಳಿಯಲು ಕೊನೆಯ ನಮೂದಿಗಿಂತ ದಿನಾಂಕ ನೋಡಿ. ಸಿವಿಲ್ ತೀರ್ಪಿನ ಮೇಲ್ಮನವಿಗೆ 30 ದಿನ, ಅಮೆರಿಕ ಸರ್ಕಾರವೇ ಕಕ್ಷಿಯಾಗಿದ್ದರೆ 60, ಕ್ರಿಮಿನಲ್ ಆರೋಪಿಗೆ 14. ಎಣಿಕೆ ಶುರುವಾಗುವುದು ನ್ಯಾಯಾಧೀಶರು ಸಹಿ ಹಾಕಿದ ದಿನದಿಂದಲ್ಲ, ತೀರ್ಪು ಡಾಕೆಟ್‌ಗೆ ಏರಿದ ದಿನದಿಂದ.