ತೋಟೆ ಎಲ್ಲಿ ನಿಂತಿತು ಎಂದು ಮೊದಲು ನೋಡಿ: .22 ರೈಫಲ್ ಸಿಕ್ಕಿಕೊಂಡಾಗ

ಸೆಪ್ಟೆಂಬರ್ 3 ಕೈಲ್ ಪೊಳ್ದ್, ಕೊಡವರ ಆಯುಧ ಪೂಜೆಯ ಹಬ್ಬ. ಕೊಡಗಿನ ಊರೂರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುವ ಕಾಲ. ಮಳೆಗಾಲವಿಡೀ ಥಂಡಿಯಲ್ಲಿ ಕಪಾಟಿನೊಳಗಿದ್ದ .22 ಬೋಲ್ಟ್ ರೈಫಲ್ ಹೊರಗೆ ಬರುತ್ತದೆ, ಎರಡನೇ ತೋಟೆಗೇ ಸಿಕ್ಕಿಕೊಳ್ಳುತ್ತದೆ. ಕೈ ತಾನಾಗಿಯೇ ಬೋಲ್ಟನ್ನು, ಅಂದರೆ ತೋಟೆಯನ್ನು ಒಳಗೆ ತಳ್ಳುವ ಹಿಡಿಯುಳ್ಳ ಸರಳನ್ನು, ಬಲವಾಗಿ ನೂಕಲು ಹೋಗುತ್ತದೆ. ನೂಕಬೇಡಿ. ತೋಟೆ ಎಲ್ಲಿ, ಹೇಗೆ ನಿಂತಿದೆ ಎಂಬುದರಲ್ಲೇ ದೋಷದ ಸುಳಿವಿದೆ. ಎಳೆದು ಬಿಸಾಡಿದರೆ ಆ ಸುಳಿವೂ ಹೋಯಿತು.

ನಳಿಕೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರ್‌ನಿಂದ ದೂರವಿರಲಿ. ಒಮ್ಮೆ ಕಣ್ಣಿಟ್ಟು ನೋಡಿ, ಬೇಕಿದ್ದರೆ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಆಮೇಲೆ ತೋಟೆ ತುಂಬುವ ಡಬ್ಬಿ, ಅಂದರೆ ಮ್ಯಾಗಜಿನ್ ಕಳಚಿ, ಬೋಲ್ಟ್ ಹಿಂದಕ್ಕೆಳೆದು ತೋಟೆ ಹೊರತೆಗೆಯಿರಿ. ಸ್ಕ್ರೂ ಡ್ರೈವರ್‌ನಿಂದ ಮೀಟಲೇಬಾರದು. .22 ತೋಟೆಯಲ್ಲಿ ಸಿಡಿಮದ್ದು ಇರುವುದು ಹಿಂಬದಿಯ ರಿಮ್ಮಿನ, ಅಂದರೆ ಹೊರಚಾಚಿದ ಅಂಚಿನ ಒಳಗೆ, ಅಲ್ಲಿಗೆ ಪೆಟ್ಟು ಬಿದ್ದರೆ ಸಿಡಿಯಬಹುದು. ಜೀವಂತ ತೋಟೆ ಚೇಂಬರ್‌ನಲ್ಲಿ (ನಳಿಕೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗ) ಕಚ್ಚಿಕೊಂಡಿದ್ದರೆ ನಳಿಕೆಯ ಬಾಯಿಂದ ಕಡ್ಡಿ ತೂರಿಸುವುದೂ ಅಷ್ಟೇ ಅಪಾಯ. ಅದು ಕೋವಿ ರಿಪೇರಿಯವರ ಕೆಲಸ.

ಇನ್ನು ಸುಳಿವು ಓದುವುದು. ತೋಟೆಯ ಮೂತಿ ಕೆಳಕ್ಕೆ ಬಾಗಿ ಚೇಂಬರ್‌ನ ಕೆಳಗಿನ ಗೋಡೆಗೆ ಗುದ್ದಿದೆಯೇ? ಮ್ಯಾಗಜಿನ್ ಪೂರ್ತಿ ಮೇಲೆ ಕೂತಿಲ್ಲ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಸೀಸದ ಮೂತಿಯಲ್ಲಿ ಒಂದೇ ಬದಿಗೆ ಹೊಳೆಯುವ ಚಪ್ಪಟೆ ಗುರುತು ಬಿದ್ದಿರುತ್ತದೆ, ಬೆರಳಲ್ಲಿ ತಿರುಗಿಸಿದರೆ ಕಾಣುತ್ತದೆ. ಮೂತಿ ಮೇಲಕ್ಕೆದ್ದು ನಿಂತಿದ್ದರೆ ಮ್ಯಾಗಜಿನ್‌ನ ಬಾಯಂಚು ಅಗಲವಾಗಿ ತೋಟೆಯನ್ನು ಬೇಗ ಬಿಟ್ಟುಕೊಟ್ಟಿದೆ. ಬೋಲ್ಟ್ ತೋಟೆಯ ಮೇಲೆಯೇ ಜಾರಿ ಹೋಗಿ ಚೇಂಬರ್ ಖಾಲಿ ಉಳಿದಿದ್ದರೆ ಸ್ಪ್ರಿಂಗ್ ನೋಡಿ. ಅದಕ್ಕೂ ಮೊದಲು ನಿಮ್ಮ ಕೈ ನೋಡಿ: ಸ್ಪರ್ಧೆಯ ಆತುರದಲ್ಲಿ ಬೋಲ್ಟನ್ನು ಕೊನೆಯವರೆಗೆ ಹಿಂದಕ್ಕೆಳೆಯದೆ ಮುಂದಕ್ಕೆ ತಳ್ಳುವವರೇ ಹೆಚ್ಚು.

ಹಾರಿಸಿದ ತೋಟೆಯ ಖಾಲಿ ಕೊಪ್ಪು (ಲೋಹದ ಕವಚ) ಒಳಗೇ ಉಳಿದು ಹೊಸ ತೋಟೆ ಅದಕ್ಕೆ ಗುದ್ದಿದ್ದರೆ ಮ್ಯಾಗಜಿನ್‌ನದು ತಪ್ಪಲ್ಲ. ಖಾಲಿ ಕೊಪ್ಪನ್ನು ಎಳೆದು ತರುವ ಕೊಕ್ಕೆ, ಅಂದರೆ ಎಕ್ಸ್‌ಟ್ರಾಕ್ಟರ್, ಕೆಲಸ ಮಾಡಿಲ್ಲ. ಬೋಲ್ಟ್ ಕಳಚಿ, ಖಾಲಿ ಕೊಪ್ಪಿನ ರಿಮ್ಮನ್ನು ಕೊಕ್ಕೆಯಡಿ ಸಿಕ್ಕಿಸಿ. ಬೋಲ್ಟ್ ಅಲುಗಿಸಿದರೂ ಕೊಪ್ಪು ಬೀಳಬಾರದು. ಬಿದ್ದರೆ ಕೊಕ್ಕೆಯ ಹಿಂದಿನ ಮೇಣ, ಮಸಿಯನ್ನು ಹಲ್ಲುಕಡ್ಡಿಯಿಂದ ಕೆರೆದು ಮತ್ತೆ ನೋಡಿ. ಆಗಲೂ ಹಿಡಿಯದಿದ್ದರೆ ಕೊಕ್ಕೆ ಸವೆದಿದೆ.

ಆದರೆ ಹೆಚ್ಚಿನ ಗೋಳು ಮ್ಯಾಗಜಿನ್‌ನದೇ. .22 ತೋಟೆಯ ಮೈ ಸುಮಾರು 5.7 ಮಿ.ಮೀ., ರಿಮ್ ಸುಮಾರು 7 ಮಿ.ಮೀ. ಹೊರಚಾಚಿದ ಈ ರಿಮ್ಮಿನಿಂದಲೇ ಒಂದು ಮುಖ್ಯ ತೊಂದರೆ. ತುಂಬುವಾಗ ಮೇಲಿನ ತೋಟೆಯ ರಿಮ್ ಕೆಳಗಿನದರ ರಿಮ್ಮಿಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಮೇಲಿನದು ಹೊರಡುವಾಗ ಕೆಳಗಿನದನ್ನೂ ಎಳೆಯುತ್ತದೆ, ಎರಡೂ ಸಿಕ್ಕಿಕೊಳ್ಳುತ್ತವೆ. ಒಂದೊಂದೇ ತೋಟೆ ಹಾಕಿ, ಪ್ರತಿ ಸಲ ರಿಮ್ ಎಲ್ಲಿ ಕೂತಿತೆಂದು ನೋಡಿ. ಐದು ತೋಟೆಯ ಮ್ಯಾಗಜಿನ್‌ಗೆ ಅರ್ಧ ನಿಮಿಷವೂ ಬೇಡ.

ತೊಳೆಯುವುದಿದ್ದರೆ ತಳದ ತಗಡು ಜಾರಿಸುವಾಗ ಹೆಬ್ಬೆರಳು ಅಡ್ಡ ಹಿಡಿಯಿರಿ, ಸ್ಪ್ರಿಂಗ್ ಹಾರುತ್ತದೆ. ಅದು ಯಾವ ತುದಿ ಮೇಲಾಗಿ ಕೂತಿತ್ತು ಎಂಬುದನ್ನೂ ಗುರುತಿಟ್ಟುಕೊಳ್ಳಿ. ತೋಟೆಯನ್ನು ಮೇಲೆತ್ತುವ ಪಟ್ಟಿಯನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಎಲ್ಲೂ ತಡೆಯದೆ ಮೇಲೆ ಬರಬೇಕು. ತುಕ್ಕಿದ್ದರೆ ಎಣ್ಣೆ ಬಟ್ಟೆಯಿಂದ ಉಜ್ಜಿ, ನಂತರ ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಒಳಗೆ ಎಣ್ಣೆ ಬಿಟ್ಟರೆ ತೋಟೆಯ ಮೇಣ, ಧೂಳು ಸೇರಿ ಅಂಟಾಗುತ್ತದೆ. ಸೋತ ಸ್ಪ್ರಿಂಗನ್ನು ಕೈಯಿಂದ ಹಿಗ್ಗಿಸುವವರಿದ್ದಾರೆ. ಅದು ಕೆಲವು ದಿನ ಸರಿಹೋದಂತೆ ಕಂಡು ಮತ್ತೆ ಕೈಕೊಡುತ್ತದೆ, ಹೊಸದನ್ನೇ ಹಾಕಿಸಿ. ಬಾಯಂಚನ್ನು ಇಕ್ಕಳದಿಂದ ಬಗ್ಗಿಸುವುದೂ ಬೇಡ, ಕೂದಲೆಳೆಯಷ್ಟು ತಪ್ಪಿದರೂ ಆ ಮ್ಯಾಗಜಿನ್ ಕೆಟ್ಟಂತೆ.

ಎರಡು ಮ್ಯಾಗಜಿನ್ ಇದ್ದರೆ ಬಣ್ಣದ ಚುಕ್ಕೆಯಿಟ್ಟು ಬದಲಾಯಿಸಿ ನೋಡಿ. ತೊಂದರೆ ಒಂದರ ಜೊತೆಗೇ ಹೋದರೆ ಕೋವಿಯನ್ನು ಬಿಚ್ಚುವ ಅಗತ್ಯವೇ ಇಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮ್ಯಾಗಜಿನ್, ತೋಟೆ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕಾರಣವೆಂದು ಗೊತ್ತಾಗುವುದಿಲ್ಲ.

ತೋಟೆ ಒಳಗೆ ಹೋಗುತ್ತದೆ, ಆದರೆ ಬೋಲ್ಟಿನ ಹಿಡಿ ಕೆಳಗೆ ಕೂರುವುದಿಲ್ಲ ಎಂದಾದರೆ ಚೇಂಬರ್ ಕಡೆ ಗಮನ ಕೊಡಿ. ಸೀಸ, ಮೇಣ, ಮಸಿ ಸೇರಿ ಒಳಗೆ ಗಟ್ಟಿ ಉಂಗುರವಾಗಿರುತ್ತದೆ. ಬೋಲ್ಟ್ ತೆಗೆದು, ಹಿಂಬದಿಯಿಂದ .22 ಅಳತೆಯ ಕಂಚಿನ ಬ್ರಷ್‌ಗೆ ಕ್ಲೀನಿಂಗ್ ದ್ರಾವಣ ಹಚ್ಚಿ ಒಳಗಿಡಿ. ಹತ್ತು ನಿಮಿಷ ನೆನೆದ ಮೇಲೆ ಐದಾರು ಸುತ್ತು ತಿರುಗಿಸಿ, ಬಟ್ಟೆ ಬಿಳಿಯಾಗಿ ಬರುವವರೆಗೆ ಒರೆಸಿ. ನಂತರ ಕಿವಿ ಕಡ್ಡಿಯ ಹತ್ತಿಯನ್ನು ಚೇಂಬರ್ ಬಾಯಿಯ ಸುತ್ತ ಮೆಲ್ಲಗೆ ಆಡಿಸಿ. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಲೋಹ ಎದ್ದಿದೆ. ಹಳೆಯ .22 ಕೋವಿಗಳಲ್ಲಿ ಖಾಲಿ ಚೇಂಬರ್‌ಗೆ ಟ್ರಿಗರ್ ಎಳೆಯುತ್ತಿದ್ದರೆ ತೋಟೆಗೆ ಬಡಿಯಬೇಕಾದ ಸೂಜಿ ನೇರ ಆ ಅಂಚಿಗೆ ಬಡಿದು ಹೀಗಾಗುತ್ತದೆ. ಅರ ಹಾಕಿ ಉಜ್ಜಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿ ವೃತ್ತಿಗೂ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವವರ ಬಳಿಗೇ ಒಯ್ಯಿರಿ.

ತೋಟೆಯನ್ನೂ ನೋಡದೆ ಬಿಡಬೇಡಿ. ಪಾಚಿಬಣ್ಣದ ಕಿಲುಬು ಹಿಡಿದದ್ದು, ಮೂತಿ ಬೆರಳಿಗೆ ಅಲುಗಾಡುವುದು, ಒಮ್ಮೆ ಸಿಕ್ಕಿಕೊಂಡು ಸೊಟ್ಟಗಾದದ್ದು, ಇವೆಲ್ಲ ಬೇರೆ ಡಬ್ಬಿಗೆ ಹೋಗಲಿ, ಮತ್ತೆ ಹಾಕಬೇಡಿ.

ರಿಪೇರಿಯಾದ ಮೇಲೆ ಮನೆಯಲ್ಲಿ ಮದ್ದಿಲ್ಲದ ಡಮ್ಮಿ ತೋಟೆಯಿಂದಲೇ ಪರೀಕ್ಷಿಸಿ, ಜೀವಂತ ತೋಟೆ ಆ ಕೋಣೆಯಲ್ಲೇ ಇರಕೂಡದು. ಮ್ಯಾಗಜಿನ್ ತುಂಬಿ ನಾಲ್ಕೈದು ಸಲ ಬೋಲ್ಟ್ ಆಡಿಸಿ, ಕೊನೆಯ ತೋಟೆಯೂ ಸಲೀಸಾಗಿ ಹೋಗಬೇಕು. ಸೋತ ಸ್ಪ್ರಿಂಗ್ ಗೊತ್ತಾಗುವುದು ಅಲ್ಲೇ.

ಗುಂಡು ಹೊಡೆಯುವಾಗ ಟ್ರಿಗರ್ ಎಳೆದರೂ ಸಿಡಿಯದಿದ್ದರೆ ನಳಿಕೆಯನ್ನು ಗುರಿಯತ್ತಲೇ ಹಿಡಿದು ಮೂವತ್ತು ಸೆಕೆಂಡ್ ಕಾದು ಬೋಲ್ಟ್ ತೆರೆಯಿರಿ. ಸದ್ದು ಟುಸ್ಸೆಂದರೆ ಮುಂದಿನ ತೋಟೆ ಹಾಕುವ ಮುನ್ನ ಖಾಲಿ ಮಾಡಿ, ಬೋಲ್ಟ್ ತೆಗೆದು ನಳಿಕೆಯ ಆಚೆ ಬೆಳಕು ಕಾಣುತ್ತದೆಯೇ ನೋಡಿ, ಗುಂಡು ಮಧ್ಯದಲ್ಲೇ ಉಳಿದಿರಬಹುದು. ಹಬ್ಬದ ದಿನ ನಳಿಕೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂವಿನ (ಕೋವಿ ಹೂವಿನ) ತೊಟ್ಟಾಗಲಿ ಎಸಳಾಗಲಿ ಒಳಗೆ ಉಳಿದಿಲ್ಲವೆಂದೂ ಹಾಗೆಯೇ ನೋಡಿಕೊಂಡು, ಆಮೇಲೆ ತೋಟೆಗೆ ಕೈಹಾಕಿ.